ಸೊನ್ನೆ: ಬಳಕೆದಾರರ ಕೈಪಿಡಿ



ಕ್ಯಾನ್ಸರ್ ಬಂದ ಪ್ರಾಸ್ಟೇಟ್ ಗ್ರಂಥಿಯನ್ನು ಆಪರೇಷನ್ ಥಿಯೇಟರಿನಲ್ಲಿ ಬಿಟ್ಟು, ಕ್ಯಾಥೆಟರ್ ಚೀಲದ ಸಮೇತ ಮನೆಗೆ ಬಂದು, ಕೆಮ್ಮುವಾಗಲೂ ನಗುವಾಗಲೂ ಹುಷಾರಾಗಿರುವುದನ್ನು ಕಲಿತ ತಮಗೆ ಅಭಿನಂದನೆಗಳು. ಇಷ್ಟೆಲ್ಲ ಪಟ್ಟ ಪಾಡಿಗೆ ತಮ್ಮ ಕೈಗೆ ಬರುವ ಸಾಮಾನು ಎಂದರೆ ಒಂದು ಅಂಕಿ. ಸಾಮಾನ್ಯವಾಗಿ ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಕೊನೆಗೆ ವರ್ಷಕ್ಕೊಮ್ಮೆ ಅದು ವಾಟ್ಸ್‌ಆ್ಯಪ್‌ಗೆ ಪಿಡಿಎಫ್ ಆಗಿ ಬಂದು ಬೀಳುತ್ತದೆ, ಅದೂ ಡಾಕ್ಟರು ಫೋನೆತ್ತದ ಹೊತ್ತು ನೋಡಿಕೊಂಡು. ತೆರೆಯುವ ಮುನ್ನ ಈ ಕೈಪಿಡಿ ಓದಿ. ಓದದೆ ತೆರೆದವರು ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನ ತನಕ ಕಣ್ಣು ಮುಚ್ಚದೆ ಕಳೆದದ್ದುಂಟು.

ಸಾಮಾನಿನ ಪರಿಚಯ

ಪಿಎಸ್‌ಎ ಎನ್ನುವುದು ಪ್ರಾಸ್ಟೇಟಿನ ಕೋಶಗಳು ತಯಾರಿಸುವ ಪ್ರೋಟೀನು, ಆ ಅಂಕಿ ಅಳೆಯುವುದು ಅದನ್ನೇ. ವೀರ್ಯವನ್ನು ತೆಳುಮಾಡುವುದು ಅದರ ಕಸುಬು. ರಕ್ತಕ್ಕೆ ಸೋರುವುದು ಚಾಳಿ. ಅಳತೆ ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು. ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಅಮೆರಿಕದ ಎಫ್‌ಡಿಎ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ಚಿಕಿತ್ಸೆ ಆದವರ ಮೇಲೆ ಕಣ್ಣಿಡುವುದಕ್ಕೆ. ಕಾಯಿಲೆ ಹುಡುಕಲೂ ಬಳಸಬಹುದು ಎಂದದ್ದು 1994ರಲ್ಲಿ. ಆ ಎರಡನೆಯ ಬಳಕೆ ಸರಿಯೇ ಎಂಬ ಜಗಳ ಇನ್ನೂ ಮುಗಿದಿಲ್ಲ, ತಮಗೆ ಅದು ಬೇಕಾಗಿಯೂ ಇಲ್ಲ. ಗ್ರಂಥಿ ತೆಗೆಸಿಕೊಂಡವರ ಮಟ್ಟಿಗೆ ಇದರಷ್ಟು ನೆಚ್ಚಬಹುದಾದ ರಕ್ತಪರೀಕ್ಷೆ ಕ್ಯಾನ್ಸರ್ ವಾರ್ಡುಗಳಲ್ಲಿ ಹೆಚ್ಚಿಲ್ಲ.

ಮೊದಲ ಬಳಕೆ

ಆತುರ ಬೇಡ. ರಕ್ತದಲ್ಲಿ ಉಳಿದ ಪಿಎಸ್‌ಎ ಎರಡು ಮೂರು ದಿನಕ್ಕೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. 10 ಇದ್ದವರದು 0.1ರ ಕೆಳಗೆ ಬರಲು ಏಳು ಸಲ ಅರ್ಧವಾಗಬೇಕು. ಅದಕ್ಕೇ ಮೊದಲ ಪರೀಕ್ಷೆಯನ್ನು ಆರೆಂಟು ವಾರ ಬಿಟ್ಟು ಬರೆಯುತ್ತಾರೆ. ಆಗಲೂ 0.1 ದಾಟಿಯೇ ಇದ್ದರೆ ಈ ಕೈಪಿಡಿ ಪಕ್ಕಕ್ಕಿಟ್ಟು ನೇರ ಡಾಕ್ಟರ ಬಳಿ ಹೋಗಿ.

ಉಪವಾಸ ಬೇಕಿಲ್ಲ. ಆದರೂ ನಮ್ಮ ಹಿರಿಯರು ಬೆಳಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಾರೆ. ನಿಲ್ಲಲಿ, ವಾಕಿಂಗ್ ಆದಂತಾಯಿತು. ಸೈಕಲ್ ತುಳಿಯಬಾರದು, ಹೆಂಡತಿಯಿಂದ ದೂರವಿರಬೇಕು ಎಂಬ ಕಟ್ಟುಪಾಡುಗಳು ಗ್ರಂಥಿ ಇದ್ದವರಿಗೆ ಹೇಳಿದ್ದು. ಕೂದಲು ಉದುರದಿರಲಿ ಎಂದು ಸೊಸೆ ತಂದುಕೊಟ್ಟ ಬಯೋಟಿನ್ ಮಾತ್ರೆಯ ವಿಷಯ ಮಾತ್ರ ಲ್ಯಾಬಿನವರಿಗೆ ಹೇಳಿ. ಡೋಸು ಹೆಚ್ಚಿದ್ದರೆ ಕೆಲವು ಯಂತ್ರಗಳಲ್ಲಿ ಅದು ಪಿಎಸ್‌ಎ ಅಂಕಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಎಚ್ಚರಿಕೆ! ವರದಿಯ ಬಲಗಡೆಯ ಕಾಲಂ ನೋಡಬೇಡಿ

ಇಡೀ ಕೈಪಿಡಿಯಲ್ಲಿ ಒಂದೇ ಭಾಗ ಓದುವಷ್ಟು ತಾಳ್ಮೆಯಿದ್ದರೆ ಇದನ್ನೇ ಓದಿ. ವರದಿಯ ಎಡಗಡೆ ಪರೀಕ್ಷೆಯ ಹೆಸರು, ನಡುವೆ ತಮ್ಮ ಅಂಕಿ, ಬಲಗಡೆ ‘ರೆಫರೆನ್ಸ್ ರೇಂಜ್’ 0.00–4.00. ಅಂಕಿ ಅದರೊಳಗಿದ್ದರೆ ಸಾದಾ ಅಕ್ಷರ, ದಾಟಿದರೆ ದಪ್ಪಕ್ಷರ, ಪಕ್ಕದಲ್ಲೊಂದು ‘ಹೈ’. ಆ 4.00 ಪ್ರಾಸ್ಟೇಟ್ ಇರುವ ಗಂಡಸರಿಗಾಗಿ ಬರೆದದ್ದು. ತಮ್ಮ ಗ್ರಂಥಿ ಬಯಾಪ್ಸಿ ಲ್ಯಾಬಿನಲ್ಲಿ ಹೋಳಾಗಿ ಎಷ್ಟೋ ಕಾಲವಾಯಿತು ಎಂಬುದು ವರದಿ ಮುದ್ರಿಸುವ ಕಂಪ್ಯೂಟರಿಗೆ ಗೊತ್ತಿಲ್ಲ. ಹಾಗಾಗಿ 0.35 ಬಂದರೂ ಅದು ತಣ್ಣಗೆ, ಸಾದಾ ಅಕ್ಷರದಲ್ಲಿ ಅಚ್ಚುಮಾಡುತ್ತದೆ. ಮನೆಯವರು ‘ನಾರ್ಮಲ್ ಬಂತು’ ಎಂದು ಕೇಸರಿಬಾತು ಮಾಡುತ್ತಾರೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘದ ವ್ಯಾಖ್ಯೆಯಲ್ಲಿ 0.2 ಮುಟ್ಟಿ, ಇನ್ನೊಮ್ಮೆ ಮಾಡಿಸಿದಾಗಲೂ 0.2 ಅಥವಾ ಮೇಲಿದ್ದರೆ ಅದಕ್ಕೆ ‘ಬಯೋಕೆಮಿಕಲ್ ರಿಕರೆನ್ಸ್’ ಎಂದು ಹೆಸರು. ಕಾಯಿಲೆ ಮರಳಿದೆ, ಸದ್ಯಕ್ಕೆ ರಕ್ತದಲ್ಲಿ ಮಾತ್ರ ಸುಳಿವು ಕೊಟ್ಟಿದೆ ಎಂದರ್ಥ. ಹೆದರಿಸಬೇಕಾದಾಗ ಸುಮ್ಮನಿರುವ ಇಂಥ ಕಾಲಂ ಅನ್ನು ಯಾಕೆ ಉಳಿಸಿಕೊಂಡಿದ್ದಾರೋ! ‘ಆಪರೇಷನ್ ಆದವರಿಗೆ ಅನ್ವಯಿಸದು’ ಎಂದು ಒಂದು ಸಾಲು ಸೇರಿಸಲು ಶಾಯಿ ಎಷ್ಟು ಖರ್ಚಾದೀತು?

ಬಾಣದ ಗುರುತು

ಅಂಕಿಯ ಎಡಕ್ಕೆ < ಎಂಬ ಗುರುತು ಇರಬಹುದು. ಫೋನಿನಲ್ಲಿ ಓದಿ ಹೇಳುವಾಗ ಮೊದಲು ಕಳೆದುಹೋಗುವುದು ಇದೇ. ‘ಲೆಸ್ ದ್ಯಾನ್ ಪಾಯಿಂಟ್ ಒನ್’ ಎಂದು ಮಗಳು ಓದಿದ್ದು ಹುಬ್ಬಳ್ಳಿಯ ಚಿಕ್ಕಪ್ಪನಿಗೆ ‘ಪಾಯಿಂಟ್ ಒನ್ ಇದೆ’ ಎಂದು ತಲುಪುತ್ತದೆ. ‘<0.1’ ಎಂದರೆ ತಮ್ಮಲ್ಲಿ 0.1 ಇದೆ ಎಂದಲ್ಲ, ಅದಕ್ಕಿಂತ ಕಡಿಮೆಯದನ್ನು ಆ ಯಂತ್ರ ಕಾಣಲಾರದು ಎಂದು. ಮೂಟೆ ತೂಗುವ ತಕ್ಕಡಿಗೆ ಸಾಸಿವೆ ಹಾಕಿ ಮುಳ್ಳು ಅಲ್ಲಾಡಲಿಲ್ಲ ಅಂದಂತೆ. ಇನ್ನೊಂದು ಲ್ಯಾಬಿನ ‘ಅಲ್ಟ್ರಾ ಸೆನ್ಸಿಟಿವ್’ ಯಂತ್ರ ‘<0.01’ ಎನ್ನಬಹುದು, ಮತ್ತೊಂದು ‘<0.006’. ಮೂರೂ ಹೇಳುವುದು ‘ಸಿಗಲಿಲ್ಲ’ ಎಂದೇ. 0.1ರಿಂದ 0.01ಕ್ಕೆ ಇಳಿಯಿತೆಂದು ತಿರುಪತಿ ಹರಕೆ ತೀರಿಸಿದರೆ ಪುಣ್ಯವಂತೂ ಬರುತ್ತದೆ, ಆದರೆ ಬದಲಾದದ್ದು ಲ್ಯಾಬು.

ಆದ್ದರಿಂದ ಲ್ಯಾಬು ಬದಲಿಸಬೇಡಿ. ರಿಯಾಯಿತಿ ಪ್ಯಾಕೇಜಿನ ಆಸೆಗೂ ಬೇಡ. ಒಂದೇ ರಕ್ತಕ್ಕೆ ಎರಡು ಕಂಪನಿಯ ಯಂತ್ರಗಳು ಎರಡು ಅಂಕಿ ಕೊಡುವುದು ಸಹಜ.

ಎಕ್ಸೆಲ್ ಜೊತೆ ಬಳಸುವಾಗ

ನ್ಯೂಜೆರ್ಸಿಯ ಮಗ ಅಪ್ಪನ ಅಂಕಿಗಳಿಗೆ ಎಕ್ಸೆಲ್ ಶೀಟು ಮಾಡಿಯೇ ಮಾಡುತ್ತಾನೆ. ಎಕ್ಸೆಲ್‌ಗೆ < ಎಂಬುದು ಅಂಕಿಯಲ್ಲ, ಹಾಗಾಗಿ ಅವನು ಅದನ್ನು ಅಳಿಸುತ್ತಾನೆ. ‘ಸಿಗಲಿಲ್ಲ’ ಎಂಬುದು ಅಲ್ಲಿಗೆ 0.01 ಆಯಿತು. ಮುಂದಿನ ಸಲ 0.02 ಬರುತ್ತದೆ. ಗ್ರಾಫಿನ ಗೆರೆ ಪುಟದ ತಳದಿಂದ ಎದ್ದು ನೆತ್ತಿ ಮುಟ್ಟುತ್ತದೆ, ಏಕೆಂದರೆ ಇರುವ ಅತಿ ದೊಡ್ಡ ಅಂಕಿಯೇ 0.02. ‘ಡಬಲ್ ಆಗಿದೆ’ ಎಂದು ನಡುರಾತ್ರಿ ಕರೆ. ಮೊದಲ ಸಲ ನಿಜಕ್ಕೂ 0.01 ಎಂದೇ ಬಂದಿದ್ದರೂ ಗಾಬರಿ ಬೇಡ: ಎರಡೇ ದಶಮಾಂಶ ತೋರಿಸುವ ವರದಿಯಲ್ಲಿ 0.014 ಅನ್ನುವುದು 0.01 ಆಗುತ್ತದೆ, 0.016 ಅನ್ನುವುದು 0.02. ಆದ ಏರಿಕೆ 0.002 ಇದ್ದೀತು. ಅಷ್ಟು ಏರಿಳಿತ ಅದೇ ರಕ್ತವನ್ನು ಅದೇ ಯಂತ್ರಕ್ಕೆ ಮತ್ತೆ ಕೊಟ್ಟರೂ ಬರುತ್ತದೆ.

ಇನ್ನೊಂದು ಮಾತು. ತೀರಾ ಸೂಕ್ಷ್ಮವಾಗಿ ಹುಡುಕಿದರೆ ಹೆಂಗಸರ ರಕ್ತದಲ್ಲೂ ಪಿಎಸ್‌ಎ ಚೂರುಪಾರು ಸಿಗುತ್ತದೆ. ಮೂತ್ರನಾಳದ ಸುತ್ತಲ ಪುಟ್ಟ ಗ್ರಂಥಿಗಳೂ ಅದನ್ನು ಮಾಡುತ್ತವೆ. ಆಪರೇಷನ್ನಿನಲ್ಲಿ ಅಂಚಿಗೆ ಅಂಟಿ ಉಳಿದ ಒಳ್ಳೆಯ ಪ್ರಾಸ್ಟೇಟ್ ಚೂರೂ ಅಷ್ಟಿಷ್ಟು ಮಾಡೀತು. 0.03ಕ್ಕೆ ಬಂದು ವರ್ಷಗಟ್ಟಲೆ ಅಲ್ಲೇ ಕೂತ ಅಂಕಿ, ಪ್ರತಿ ಸಲವೂ ಮೆಟ್ಟಿಲು ಹತ್ತುತ್ತಿರುವ ಅಂಕಿ, ಇವೆರಡೂ ಬೇರೆ ಜಾತಿ. ಮಗನ ಗ್ರಾಫಿನಲ್ಲಿ ನೋಡಬೇಕಾದದ್ದು ಆ ಮೆಟ್ಟಿಲುಗಳನ್ನು. ಅದಕ್ಕೆ ಎರಡು ಚುಕ್ಕೆ ಸಾಲದು, ಮೂರಾದರೂ ಬೇಕು.

ಹೋಲಿಕೆ ನಿಷಿದ್ಧ

ಪಾರ್ಕಿನ ಬೆಂಚಿನ ಗೆಳೆಯರಿಗೆ 0.6 ಇದ್ದೂ ಡಾಕ್ಟರು ಬೆನ್ನು ತಟ್ಟಿದರಂತೆ. ಅವರಿಗೆ ಆಪರೇಷನ್ ಇಲ್ಲದೆ ಬರೀ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಟ್ಟದ್ದಾದರೆ ಗ್ರಂಥಿ ಒಳಗೇ ಇದೆ. ಅವರ ಲೆಕ್ಕ ಬೇರೆ, ಇಳಿದ ಕನಿಷ್ಠದ ಮೇಲೆ 2 ಏರಿದರೆ ಮಾತ್ರ ಮರಳಿತು ಎನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುವವರ ಸೊನ್ನೆಯೂ ಬೇರೆ, ಇಂಜೆಕ್ಷನ್ನೇ ಅದನ್ನು ಒತ್ತಿ ಹಿಡಿದಿರುತ್ತದೆ. ಬೆಂಚಿನ ಮೇಲೆ ರಾಜಕೀಯ ಮಾತಾಡಿ.

ತೊಂದರೆ ನಿವಾರಣೆ

ಅಂಕಿ 0.1ರತ್ತ ಮೆಟ್ಟಿಲು ಹತ್ತುತ್ತಿದ್ದರೆ ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ, ಡಾಕ್ಟರನ್ನು ಕಾಣಿ. ಇಲ್ಲಿ ಉದಾಸೀನಕ್ಕೂ ಕ್ಷಮೆಯಿಲ್ಲ: ಕರೆಂಟ್ ಕೊಡಬೇಕಾಗಿ ಬಂದರೆ ಪಿಎಸ್‌ಎ 0.5 ಮುಟ್ಟುವ ಮೊದಲೇ ಕೊಟ್ಟಾಗ ಫಲ ಹೆಚ್ಚು. ಹಾಗೆಂದು ಏರುವ ಮೊದಲೇ ಎಲ್ಲರಿಗೂ ಕೊಟ್ಟುಬಿಡೋಣವೇ ಎಂದು ಬ್ರಿಟನ್, ಕೆನಡಾ, ಡೆನ್ಮಾರ್ಕ್, ಐರ್ಲೆಂಡ್‌ಗಳ ರಾಡಿಕಲ್ಸ್ ಪ್ರಯೋಗ ನೋಡಿತು. 2020ರಲ್ಲಿ ಅದು ಕೊಟ್ಟ ಉತ್ತರ: ಹೆಚ್ಚಿನವರ ಮಟ್ಟಿಗೆ ಕಾದು, ಏರಿದಾಗ ಕೊಟ್ಟರೆ ಸಾಕು, ಮೂತ್ರದ ತೊಂದರೆಗಳೂ ಕಡಿಮೆ. ಪಿಎಸ್‌ಎಂಎ ಪೆಟ್ ಸ್ಕ್ಯಾನ್, ಅಂದರೆ ಕಾಯಿಲೆ ಮೈಯಲ್ಲಿ ಎಲ್ಲಿದೆ ಎಂದು ಹುಡುಕುವ ಸ್ಕ್ಯಾನ್, 0.2ರ ಹೊತ್ತಿಗೆ ಅನೇಕ ಸಲ ಏನನ್ನೂ ತೋರಿಸುವುದಿಲ್ಲ. ‘ಕ್ಲಿಯರ್ ಬಂತು’ ಎಂದು ಚಿಕಿತ್ಸೆ ಮುಂದೂಡಬೇಡಿ. ಇನ್ನು ನಡುರಾತ್ರಿ ಕರೆ ಮಾಡಿದ ಮಗನಿಗೆ ಹೇಳಲಿಕ್ಕೆ: 1999ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವೈದ್ಯರು ಸುಮಾರು 2,000 ಜನರ ಲೆಕ್ಕ ಪ್ರಕಟಿಸಿದರು. ಅವರಲ್ಲಿ ಪಿಎಸ್‌ಎ ಮರಳಿ ಏರಿದವರಿಗೆ, ಬೇರೆ ಚಿಕಿತ್ಸೆ ಕೊಡದಿದ್ದಾಗಲೂ, ಕಾಯಿಲೆ ಮೂಳೆ ಮುಂತಾದ ಕಡೆ ಕಾಣಿಸಿಕೊಳ್ಳಲು ಹಿಡಿದ ಮಧ್ಯಾಂಕ ಅವಧಿ 8 ವರ್ಷ. ಅಂದರೆ ಸೋಮವಾರ ಬೆಳಗ್ಗೆ ಡಾಕ್ಟರು ಬರುವ ತನಕ ಕಾಯಬಹುದು.

ಹೋಗುವಾಗ ಪಿಎಸ್‌ಎ ವರದಿಗಳ ಜೊತೆ ಆಪರೇಷನ್ ಆದ ಮೇಲಿನ ಬಯಾಪ್ಸಿ ವರದಿಯನ್ನೂ ಒಯ್ಯಿರಿ. ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಸ್ಕೋರು ಎಷ್ಟು, ಅಂಚಿನಲ್ಲಿ ಕ್ಯಾನ್ಸರ್ ಇತ್ತೋ ಇಲ್ಲವೋ ಎಂಬುದು ಅದರಲ್ಲಿದೆ. ಅದಿಲ್ಲದೆ 0.08 ನೋಡಿ ಡಾಕ್ಟರೂ ಏನೂ ಹೇಳಲಾರರು. ಎಲ್ಲವನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಫೈಲಿನ ಬಣ್ಣ ಯಾವುದಾದರೂ ಆದೀತು.