ನಿಜ ಹೇಳೋರ ಸಿನಿಮಾ

“ಅಲ್ಲ ಕಣೇ, ನಾಲ್ಕು ಜನ ಒಂದೇ ಮಂಚದ ಮೇಲಿರೋ ಪೋಸ್ಟರು. ಅದನ್ನ ಒಳ್ಳೇ ಸಿನಿಮಾ ಅಂತೀಯಲ್ಲ!”

“ಮಂಚ ಬರೋದು ಕೊನೇಲಿ ಅಕ್ಕ, ಅಲ್ಲೀವರೆಗೂ ಬರೀ ಮಾತು. 1969ರ ‘ಬಾಬ್ ಅಂಡ್ ಕೆರೋಲ್ ಅಂಡ್ ಟೆಡ್ ಅಂಡ್ ಆಲಿಸ್’. ಪಾಲ್ ಮಜರ್ಸ್ಕಿ ನಿರ್ದೇಶಿಸಿದ ಮೊದಲನೇ ಚಿತ್ರ. ಆಗ ಕ್ಯಾಲಿಫೋರ್ನಿಯಾದಲ್ಲಿ ಗುಂಪಾಗಿ ಕೂತು ಮನಸ್ಸಲ್ಲಿರೋದನ್ನೆಲ್ಲ ಕಕ್ಕೋ ಶಿಬಿರಗಳ ಹುಚ್ಚು. ಮಜರ್ಸ್ಕಿನೂ ಹೆಂಡತಿ ಜೊತೆ ಬಿಗ್ ಸರ್‌ನ ಎಸಲೆನ್ ಅನ್ನೋ ಅಂಥದ್ದೇ ಜಾಗಕ್ಕೆ ಹೋಗಿ ಬಂದವನೇ. ಈ ಬಾಬ್, ಕೆರೋಲ್ ದಂಪತೀನೂ ಅಂಥ ಕಡೆ ಹೋಗಿ ಅತ್ತು, ಅಪ್ಪಿಕೊಂಡು, ಇನ್ನು ಏನೂ ಮುಚ್ಚಿಡಲ್ಲ ಅಂತ ವಾಪಸ್ ಬರ್ತಾರೆ.”

“ಆಮೇಲೆ?”

“ಗಂಡ ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವನು ಅಲ್ಲೊಬ್ಬಳ ಜೊತೆ ಮಲಗಿ ಬಂದು, ತಾನೇ ಹೇಳ್ತಾನೆ. ಕೆರೋಲ್ ಬೈಯಲ್ಲ, ಹೇಳಿದ್ಯಲ್ಲ ಅಂತ ಕರಗಿಹೋಗ್ತಾಳೆ.”

“ಹಾದರ ಮಾಡಿ ಭೇಷ್ ಅನ್ನಿಸ್ಕೊಂಡ ಅನ್ನು!”

“ಅಷ್ಟಕ್ಕೇ ನಿಲ್ಲಲ್ಲ. ಸ್ನೇಹಿತರಾದ ಟೆಡ್, ಆಲಿಸ್ ಮನೆಗೆ ಬಂದಾಗ ಅವರ ಮುಂದೂ ಸಂಭ್ರಮದಿಂದ ಸಾರ್ತಾಳೆ. ಆಲಿಸ್‌ಗೆ ಹೊಟ್ಟೆ ತೊಳಸಿಬಿಡುತ್ತೆ. ಆ ರಾತ್ರಿ ಅವರಿಬ್ಬರ ಮಲಗೋ ಕೋಣೆ ದೃಶ್ಯ ನೋಡ್ಬೇಕು ನೀವು. ಅವನಿಗೆ ಬೇಕು, ಇವಳಿಗೆ ಬೇಡ. ಅವನು ಗೋಗರೀತಾನೆ, ಇವಳು ಇನ್ನೂ ಆ ಸುದ್ದೀಲೇ ಇದಾಳೆ. ಈ ಜೋಡಿಯ ಪಾತ್ರ ಮಾಡಿದ ಎಲಿಯಟ್ ಗೌಲ್ಡ್, ಡಯಾನ್ ಕ್ಯಾನನ್ ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಸುಮ್ನೆ ಅಲ್ಲ. ಮುಂದೆ ಆಲಿಸ್ ಹೋಗೋ ಮನೋವೈದ್ಯರ ಪಾತ್ರ ಮಾಡಿರೋದೂ ನಿಜವಾದ ಮನೋವೈದ್ಯರೇ.”

“ಅವರಿಗೆ ಫೀಸು ಕೊಟ್ರಂತಾ? ಇರಲಿ, ಕೆರೋಲ್ ಸರದಿ ಬರಲಿಲ್ವಾ?”

“ಬಂತು. ಬಾಬ್ ಒಂದಿನ ಹೇಳದೇ ಬೇಗ ಬಂದ್ರೆ, ಟೆನಿಸ್ ಹೇಳ್ಕೊಡೋನು ಒಳಗಿದಾನೆ! ಮೊದಲು ರೇಗಾಡ್ತಾನೆ. ಆಮೇಲೆ ಶಿಬಿರದ ಪಾಠ ನೆನಪಾಗಿ, ಕೋಣೆಗೆ ಹೋಗಿ, ಕುಡಿಯೋಕೆ ಏನು ಕೊಡಲಿ ಅಂತ ಅವನನ್ನೇ ಉಪಚರಿಸ್ತಾನೆ. ಆ ಪ್ರಾಣಿಯೋ, ಇವನು ಎಲ್ಲಿ ಹೊಡೀತಾನೋ ಅಂತ ಕಂಗಾಲು. ನಗು ಬರುತ್ತೆ, ಬಾಬ್‌ನ ಕಂಡ್ರೆ ಪಾಪಾನೂ ಅನ್ಸುತ್ತೆ. ಎಲ್ಲಾ ನಿಜ ಹೇಳ್ತೀನಿ ಅಂತ ಹೊರಟವನು, ಹೊಟ್ಟೆ ಉರೀತಿದೆ ಅನ್ನೋ ನಿಜಾನ ಮಾತ್ರ ನುಂಗಿಕೊಂಡು ಗ್ಲಾಸ್ ತುಂಬಿಸಬೇಕು.”

“ಮಂಚಕ್ಕೆ ಬಾರೇ.”

“ನಾಲ್ವರೂ ಲಾಸ್ ವೇಗಸ್‌ಗೆ ಹೋಗ್ತಾರೆ. ಅಲ್ಲಿ ಟೆಡ್ಡೂ ತನ್ನ ಮಯಾಮಿ ಕತೆ ಬಾಯಿಬಿಡ್ತಾನೆ. ಆಲಿಸ್ ಸಿಟ್ಟಲ್ಲಿ ಬಟ್ಟೆ ಬಿಚ್ಚೋಕೆ ಶುರು ಮಾಡಿ, ಆಗೋದೆಲ್ಲ ಇವತ್ತೇ ಆಗಿಹೋಗ್ಲಿ ಅಂತಾಳೆ. ಎಲ್ಲರೂ ಮಂಚ ಹತ್ತುತಾರೆ.”

“ಹತ್ತಿ?”

“ಏನೂ ಆಗಲ್ಲ. ಬಟ್ಟೆ ಹಾಕ್ಕೊಂಡು ಆಚೆ ಬರ್ತಾರೆ.”

“ಇಷ್ಟಕ್ಕೆ ಆ ಪೋಸ್ಟರಾ!”

“ನಿರ್ದೇಶಕ ಹೆದರಿಕೊಂಡ ಅಂದವರೂ ಇದ್ದಾರೆ. ನನಗಂತೂ ಅದೇ ಸರಿ ಅನ್ನಿಸ್ತು. ಅಷ್ಟು ಮಾತಾಡಿ ಸುಸ್ತಾದವರಿಗೆ ಇನ್ನೇನು ಮಾಡೋಕೆ ಶಕ್ತಿ ಇರುತ್ತೆ?”

“ಸರಿ, ಲಿಂಕ್ ಕಳಿಸು. ಯಜಮಾನರು ವಾಕಿಂಗ್ ಹೋದಾಗ ನೋಡ್ತೀನಿ.”

“ಜೊತೇಲೇ ನೋಡಿ ಅಕ್ಕ.”

“ಜೊತೇಲಾ? ಆಮೇಲೆ ಅವರೂ ನಿಜ ಹೇಳೋಕೆ ಕೂತ್ರೆ ನನ್ನ ಅಡುಗೆ ಆದ ಹಾಗೇ!”