ಗುಡ್ಡ–ಕಡತ ಸಂವಾದ

ಬಳ್ಳಾರಿ ಜಿಲ್ಲೆಯ ಸಂಡೂರಿನ ಅದಿರಿನ ಗುಡ್ಡಕ್ಕೂ, ಅದರ ಭವಿಷ್ಯವನ್ನು ಕೆಂಪು ದಾರದಲ್ಲಿ ಕಟ್ಟಿಟ್ಟುಕೊಂಡ ಸರ್ಕಾರಿ ಕಡತಕ್ಕೂ ನಡೆಯಿತೆನ್ನಲಾದ ಈ ಸಂವಾದವು, ಅಭಿವೃದ್ಧಿಶೀಲ ದೇಶಗಳಲ್ಲಿ ಗಣಿಯನ್ನೂ ಪರಿಸರವನ್ನೂ ಕಾನೂನಿನ ತಕ್ಕಡಿಯು ತೂಗುವ ಬಗೆಯನ್ನು ತಿಳಿಸುತ್ತದೆ.

ಗುಡ್ಡ: ಕಡತರಾಯರೇ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು ಗುಡ್ಡವನ್ನು ಕಾಯುವುದಿಲ್ಲವೇ?

ಕಡತ: ಕಾಯುತ್ತದೆ, ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಅಗೆಯುವಂತಿಲ್ಲ, ಅನುಮತಿ ದೊರೆತರೆ ಕಡಿದ ಕಾಡಿಗೆ ಬದಲಾಗಿ ಬೇರೆಡೆ ಸಸಿ ನೆಡುವ ‘ಪರಿಹಾರಾತ್ಮಕ ಅರಣ್ಯೀಕರಣ’ವಿದೆ, ಆದ್ದರಿಂದ ಲೆಕ್ಕದಲ್ಲಿ ಕಾಡು ಕರಗುವುದೇ ಇಲ್ಲ.

ಗುಡ್ಡ: 2006ರ ಅಧಿಸೂಚನೆಯ ‘ಪರಿಸರ ಪರಿಣಾಮ ಅಂದಾಜು’, ಎಂದರೆ ಯೋಜನೆಗೆ ಮುನ್ನವೇ ಹಾನಿಯನ್ನು ಅಳೆಯುವ ಕ್ರಮ ಇದೆಯಲ್ಲ, ಆ ಅಳತೆಗಾರರನ್ನು ನೇಮಿಸುವವರಾರು?

ಕಡತ: ಅಗೆಯುವವರೇ, ಅಳತೆಗೋಲಿನ ಖರ್ಚು ಬೊಕ್ಕಸಕ್ಕೆ ಬೀಳಬಾರದಲ್ಲವೇ? ಊರವರ ಆಕ್ಷೇಪವನ್ನೂ ಸಾರ್ವಜನಿಕ ಅಹವಾಲಿನಲ್ಲಿ ಬರೆದುಕೊಳ್ಳಲಾಗುತ್ತದೆ, ಬರೆದದ್ದು ಕಟ್ಟಿನಲ್ಲಿ ಭದ್ರವಾಗಿರುತ್ತದೆ.

ಗುಡ್ಡ: ಇಷ್ಟೆಲ್ಲ ಇದ್ದೂ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ್ದೇಕೆ? ಅಕ್ರಮದ ಪ್ರಮಾಣಕ್ಕನುಗುಣವಾಗಿ ಎ, ಬಿ, ಸಿ ಎಂದು ವಿಂಗಡಿಸಲಾದ ಗುತ್ತಿಗೆಗಳಲ್ಲಿ ‘ಸಿ’ ವರ್ಗದವನ್ನು 2013ರಲ್ಲಿ ರದ್ದುಪಡಿಸಿದ್ದೇಕೆ?

ಕಡತ: ಕಾನೂನುಗಳು ಇದ್ದಲ್ಲಿಯೇ ಇದ್ದವು, ಗಡಿಕಲ್ಲುಗಳಿಗೆ ಮಾತ್ರ ಕಾಲು ಬಂದಿದ್ದವು.

ಗುಡ್ಡ: ಗಣಿಬಾಧಿತರ ಹಿತಕ್ಕಾಗಿ ಗಣಿ ಕಾಯ್ದೆಯ 2015ರ ತಿದ್ದುಪಡಿಯು ರೂಪಿಸಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಗುಡ್ಡಕ್ಕೇನಾದರೂ ಪಾಲುಂಟೇ?

ಕಡತ: ಅವಶ್ಯವಾಗಿ ಅರ್ಜಿ ಸಲ್ಲಿಸಬಹುದು, ವಾಸಸ್ಥಳ ದೃಢೀಕರಣ ಪತ್ರವೊಂದನ್ನು ಲಗತ್ತಿಸಬೇಕು, ಮತ್ತು ಸ್ಥಳ ಪರಿಶೀಲನೆಗೆ ಅಧಿಕಾರಿಗಳು ಬರುವ ತನಕ ಅರ್ಜಿದಾರ ಗುಡ್ಡವು ಸ್ಥಳದಲ್ಲಿ ಉಳಿದಿರಬೇಕು.