ತ್ರೀ ಫೇಸ್ ಜೋಗುಳ

ನನ್ನ ಮಗಳು ಯಾಕೆ ಅಳುತ್ತಾಳೆ ಎಂದು ಇಡೀ ಯಗಟಿಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಹಾಲು ಹಾಕುವ ಹುಡುಗನಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಒಂದು ಗಳಿಗೆ ಕಿವಿಗೊಟ್ಟು, ‘ಗ್ಯಾಸು ಸಾ’ ಎಂದು ತೀರ್ಪು ಕೊಟ್ಟು ಸೈಕಲ್ ಹತ್ತಿದ. ಕಾಯಿ ಸುಲಿಯಲು ಬಂದವನು ‘ಸೆಖೆ’ ಎಂದ. ಎದುರು ಮನೆ ಅಜ್ಜಿ ‘ಚಳಿ ಕಣಪ್ಪ, ಇನ್ನೊಂದು ಕುಲಾವಿ ಹಾಕು’ ಎಂದರು. ಸೆಖೆ, ಚಳಿ ಎರಡೂ ಒಂದೇ ಏಪ್ರಿಲ್ ಮಧ್ಯಾಹ್ನದ ತೀರ್ಪುಗಳು.

ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕಕ್ಕೆ ಹೋಗಿಬಂದವರಿಗೆ ಈ ವ್ಯವಹಾರ ಹೊಸದಲ್ಲ. ಭವಿಷ್ಯದ ನುಡಿ ಒಂದೇ ಸಾಲು. ಅದಕ್ಕೆ ಅರ್ಥ ಹೇಳುವವರು ಮಾತ್ರ ಊರಿಗೆ ಹತ್ತು ಜನ. ಒಬ್ಬ ಮಳೆ ಅನ್ನುತ್ತಾನೆ, ಇನ್ನೊಬ್ಬ ಸರ್ಕಾರ ಬೀಳುತ್ತೆ ಅನ್ನುತ್ತಾನೆ, ಮತ್ತೊಬ್ಬ ಕೊಬ್ಬರಿ ರೇಟು ಏರುತ್ತೆ ಅನ್ನುತ್ತಾನೆ. ನನ್ನ ಮಗಳದ್ದೂ ಒಂದೇ ಸಾಲು. ಆದರೆ ಮೈಲಾರಲಿಂಗ ವರ್ಷಕ್ಕೊಮ್ಮೆ ನುಡಿದು ಸುಮ್ಮನಾಗುತ್ತಾನೆ. ಇವಳು ದೀಪ ಹಚ್ಚುವ ಹೊತ್ತಿಗೆ ಶುರು ಮಾಡಿದರೆ ಕೋಳಿ ಕೂಗುವವರೆಗೂ ನುಡಿಯುತ್ತಿದ್ದಳು.

ಬಾಣಂತನ ಹೆಂಡತಿಯ ತವರಲ್ಲಿ. ನಾನು ಶನಿವಾರ ಬೆಂಗಳೂರಿನಿಂದ ಕಡೂರಿಗೆ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಯಗಟಿ ಸೇರುವ ಅಳಿಯ. ಬರುವಾಗ ಮೈಸೂರುಪಾಕು, ಹೋಗುವಾಗ ಕಣ್ಣ ಕೆಳಗೆ ಕಪ್ಪು. ಅತ್ತೆ ನನ್ನ ಎದುರಿಗೆ ಬಂದು ಮಾತಾಡುವವರಲ್ಲ. ಹೇಳಬೇಕಾದ್ದನ್ನು ಕಂಬಕ್ಕೆ ಹೇಳುತ್ತಾರೆ. ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳೋಕೆ ಹೇಳು’ ಎಂದು ಕಂಬಕ್ಕೆ ಅಪ್ಪಣೆಯಾದರೆ ತುಪ್ಪ ನನ್ನ ಎಲೆಗೆ ಬೀಳುತ್ತದೆ. ಇಂಥ ಮರ್ಯಾದೆಯ ಮನೆಯಲ್ಲಿ ನಾನು ಮುಂದೆ ಏನಾದೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೆ ಗ್ರೈಪ್ ವಾಟರ್ ಕೂಡ ಇಲ್ಲ.

ಗ್ರೈಪ್ ವಾಟರ್ ಎಂದೆನಲ್ಲ, ಮೊದಲು ಬಂದದ್ದು ಅದೇ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ಹೊರತಂದ ಈ ನೀರಿನಲ್ಲಿ ನಮ್ಮ ಸಬ್ಬಸಿಗೆಯ ಎಣ್ಣೆ, ಅಡುಗೆ ಸೋಡಾ, ಸಕ್ಕರೆ ಇದ್ದವು. ಜೊತೆಗೆ ಒಂದಿಷ್ಟು ಮದ್ಯವೂ ಇತ್ತು. ನೂರು ವರ್ಷಕ್ಕೂ ಮೇಲೆ ಲೋಕದ ಮಕ್ಕಳು ಅದನ್ನು ಕುಡಿದು ಮಲಗಿದ್ದರ ಗುಟ್ಟು ಬಹುಶಃ ಅದೇ. ಈಗಿನದರಲ್ಲಿ ಆ ಅಂಶವಿಲ್ಲ ಎಂದು ನಾನು ಓದಿ ಹೇಳಿದಾಗ ಮಾವ ಬಹಳ ಹೊತ್ತು ಸುಮ್ಮನಿದ್ದು, ‘ಹಳೇ ಸಾಮಾನು ಹಳೇದೇ ಬುಡಿ’ ಎಂದರು.

ಆಮೇಲೆ ಬಜೆ ಬಂತು, ಓಮ ಬಂತು, ಹೊಕ್ಕುಳ ಸುತ್ತ ಇಂಗು ಬಂತು, ಸಾಂಬ್ರಾಣಿ ಹೊಗೆ ಬಂತು. ಮೆಣಸಿನಕಾಯಿ, ಉಪ್ಪು, ಪೊರಕೆಕಡ್ಡಿ ನೀವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬರಲಿಲ್ಲ, ಅಂದಮೇಲೆ ದೃಷ್ಟಿ ಗ್ಯಾರಂಟಿ ಎಂದರು. ಆದರೆ ನನಗೂ ಕಾಯಿ ಸುಲಿಯುವವನಿಗೂ ಕೆಮ್ಮು ಹತ್ತಿತ್ತಲ್ಲ ಎಂಬ ನನ್ನ ಸಾಕ್ಷ್ಯವನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ. ಇಷ್ಟರಲ್ಲಿ ನಾನು ಬಾಯಿ ಮುಚ್ಚಿ ನೋಡಿದ್ದು ಒಂದನ್ನೇ, ವೀಳ್ಯದೆಲೆಯನ್ನು. ಅತ್ತೆ ಎಲೆಗೆ ಹರಳೆಣ್ಣೆ ಸವರಿ, ತೊಟ್ಟು ಹಿಡಿದು ದೀಪದ ಮೇಲೆ ಆಡಿಸುತ್ತಿದ್ದರು. ಎಲೆಯ ಹಸಿರು ಬಾಡಿ ಎಣ್ಣೆ ಮಿಂಚಿದ ಕೂಡಲೇ ತೆಗೆದು ತಮ್ಮ ಕೆನ್ನೆಗೆ ಒತ್ತಿಕೊಳ್ಳುವರು. ಬಿಸಿಯೆನಿಸಿದರೆ ಊದುವರು. ಮತ್ತೆ ಕೆನ್ನೆಗೆ. ಅದು ಹದವಾದ ಮೇಲೇ ಮಗುವಿನ ಹೊಟ್ಟೆಗೆ. ಎಲೆಯಿಂದ ಮಗುವಿಗೆ ಎಷ್ಟು ಗುಣವಾಯಿತೋ, ಅತ್ತೆಯ ಎಡಗೆನ್ನೆ ಮಾತ್ರ ಆ ಬೇಸಿಗೆಯಿಡೀ ಎಣ್ಣೆಯಿಂದ ಹೊಳೆಯುತ್ತಿತ್ತು.

ಮಕ್ಕಳ ಡಾಕ್ಟರು ಮಗುವನ್ನು ತೂಕಕ್ಕೆ ಹಾಕಿ, ಹೊಟ್ಟೆ ಒತ್ತಿ, ಕಿವಿ ನೋಡಿ, ಏನೂ ಆಗಿಲ್ಲ ಎಂದರು. ‘ಕಾಲಿಕ್ಕು. ತಾನೇ ಹೋಗುತ್ತೆ. ಆರು ತಿಂಗಳವರೆಗೂ ಎದೆಹಾಲು ಬಿಟ್ಟು ಬಜೆ ಇಲ್ಲ, ಗ್ರೈಪ್ ವಾಟರ್ ಇಲ್ಲ. ಜೇನಂತೂ ವರ್ಷ ತುಂಬೋವರೆಗೂ ನೆಕ್ಕಿಸಬೇಡಿ.’ ಯಾವಾಗ ಹೋಗುತ್ತೆ ಎಂದೆ. ಹೋದಾಗ ಗೊತ್ತಾಗುತ್ತೆ ಎಂದರು. ಹೀಗೆ ಬಜೆಯ ಕಲ್ಲು ಮೂಲೆ ಸೇರಿತು. ಅತ್ತೆ ಕಂಬದ ಹತ್ತಿರ ಡಾಕ್ಟರ ಬಗ್ಗೆ ಬಹಳ ಮಾತಾಡಿದರು.

ನಾನು ಓದಿಗೆ ಬಿದ್ದೆ. ಅಳುವಿಗೂ ಲೆಕ್ಕವಿದೆ ಎಂದು ತಿಳಿಯಿತು. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಜೊತೆಗಾರರು ಕಟ್ಟಿದ ಸೂತ್ರ ಅದು. ಹೊಟ್ಟೆ ತುಂಬಿದ, ಆರೋಗ್ಯವಾಗಿರುವ ಮಗು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಅತ್ತರೆ ಅದು ಕಾಲಿಕ್. ಅಳು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದಂತೆ. ಲೆಕ್ಕದ ಮೇಷ್ಟ್ರಾಗಿ ಹೆಸರು ಮಾಡಿ 2013ರಲ್ಲಿ ಕಡೂರಿನ ಶಾಸಕರಾದ ವೈ.ಎಸ್.ವಿ. ದತ್ತ ಅವರ ಊರು ಈ ಯಗಟಿ. ಇಲ್ಲಿ ಹುಟ್ಟಿದ ಅಳು ಲೆಕ್ಕಕ್ಕೆ ಸಿಗದೆ ಹೋಗುತ್ತದೆಯೇ ಎಂದು ಪುಸ್ತಕ, ಪೆನ್ನು ಹಿಡಿದು ಕೂತೆ. ದಿನದ ಮೂರು ಗಂಟೆ ಊಟದ ಹೊತ್ತಿಗೇ ಮುಗಿದಿತ್ತು. ಪೆನ್ನು ಮುಚ್ಚಿಟ್ಟೆ.

ಇನ್ನೊಂದು ಕಡೆ, ಜಪಾನಿನ ರೈಕೆನ್ ಸಂಸ್ಥೆಯ ಕುಮಿ ಕುರೋಡಾ ತಂಡದವರು 2022ರಲ್ಲಿ ಪ್ರಕಟಿಸಿದ ಸಂಶೋಧನೆ ಸಿಕ್ಕಿತು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕೂತಿರಿ, ಆಮೇಲೆ ಮಲಗಿಸಿ. ತಕ್ಷಣ ಮಲಗಿಸಿದರೆ ಎದ್ದುಬಿಡುತ್ತದೆ. ನಾನು ಇದನ್ನು ದೊಡ್ಡದಾಗಿ ಓದಿ ಹೇಳಿದೆ. ‘ಇದನ್ನ ಹೇಳಕ್ಕೆ ಜಪಾನಿನವರೇ ಬೇಕಾಯ್ತಾ ಅಂತ ಕೇಳು’ ಎಂದು ಕಂಬಕ್ಕೆ ಆದೇಶವಾಯಿತು. ಆದರೂ ಶಾಸ್ತ್ರೋಕ್ತವಾಗಿ ನಡೆದೆ, ಕೂತೆ, ಉಸಿರು ಬಿಗಿಹಿಡಿದು ತೊಟ್ಟಿಲಿಗೆ ಇಳಿಸಿದೆ. ಮಗು ಕಣ್ಣು ಬಿಡಲಿಲ್ಲ. ಗೆದ್ದೆ ಎನ್ನುವಷ್ಟರಲ್ಲಿ ಅಟ್ಟದ ಮೇಲೆ ಕೊಬ್ಬರಿಯಾಗಲಿ ಎಂದು ಹಾಕಿದ್ದ ಕಾಯಿಗಳಲ್ಲಿ ಒಂದನ್ನು ಇಲಿ ಉರುಳಿಸಿತು. ಗುಡುಗುಡುಗುಡು ಎಂದು ಈ ಗೋಡೆಯಿಂದ ಆ ಗೋಡೆಗೆ ಹೋಗಿ, ಸ್ವಲ್ಪ ಯೋಚಿಸಿ, ಅದು ವಾಪಸ್ಸೂ ಬಂತು. ಅಟ್ಟ, ಕಾಯಿ, ಇಲಿ ಮೂರೂ ಇರುವ ಮನೆಯಲ್ಲಿ ಪ್ರಯೋಗ ಮಾಡಿದ್ದರೆ ಜಪಾನಿನವರ ತೀರ್ಮಾನ ಬೇರೆಯೇ ಇರುತ್ತಿತ್ತು. ಅಳುವ ಕಂದನ ತುಟಿಯನ್ನು ಜನಪದ ತ್ರಿಪದಿಯಲ್ಲಿ ಹವಳಕ್ಕೆ ಹೋಲಿಸಿದ ಆ ತಾಯಿ ಖಂಡಿತ ಕಣ್ತುಂಬ ನಿದ್ದೆ ಮಾಡಿ ಎದ್ದವಳು. ರಾತ್ರಿ ಮೂರು ಗಂಟೆಗೆ ಕಾಣುವುದು ತುಟಿಯಲ್ಲ, ಕಿರುನಾಲಗೆ.

ಗಿರಣಿಯ ವಿಷಯಕ್ಕೆ ಬರುತ್ತೇನೆ. ಬೀದಿಯ ಕೊನೆಗೆ ಒಂದು ಹಿಟ್ಟಿನ ಗಿರಣಿ. ಒಂದು ಮಧ್ಯಾಹ್ನ ಮಗು ಕಿರುಚುತ್ತಿದ್ದಾಗ ತ್ರೀ ಫೇಸ್ ಕರೆಂಟು ಬಂತು, ಗಿರಣಿ ಶುರುವಾಯಿತು, ಮಗು ಗಕ್ಕನೆ ಅಳು ನಿಲ್ಲಿಸಿತು. ಕಣ್ಣರಳಿಸಿ ಕೇಳಿ, ಆಕಳಿಸಿ, ಮಲಗಿತು. ಗಿರಣಿ ನಿಂತಿತು, ಮಗು ಎದ್ದಿತು. ಮನೆಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊಟ್ಟೆಯೊಳಗೆ ಒಂಬತ್ತು ತಿಂಗಳು ತಾಯಿಯ ರಕ್ತದ ಹರಿವು, ಕರುಳಿನ ಗುಡುಗು ಕೇಳಿ ಬೆಳೆದದ್ದಕ್ಕೆ ಒಂದೇ ಸಮನಾದ ಸದ್ದು ಹಿತ, ಮೌನವೇ ಭಯ ಎಂಬುದನ್ನು ನಾನು ಓದಿದ್ದೆ. ಆದರೆ ಬಾಣಂತಿ ಮಗುವನ್ನು ಗಿರಣಿಗೆ ಒಯ್ಯುವಂತಿಲ್ಲ, ಗಿರಣಿಯನ್ನು ಮನೆಗೆ ತರುವಂತಿಲ್ಲ. ಮೊಬೈಲಿನಲ್ಲಿ ಹಿಡಿದು ತಂದೆ. ಚೆನ್ನಾಗಿಯೇ ಓಡುತ್ತಿತ್ತು, ನಡುವೆ ಗಿರಣಿಯಾತ ‘ಯಾರ್ದ್ರೀ ಈ ಡಬ್ಬ!’ ಎಂದು ಕೂಗುವವರೆಗೆ. ಮಗು ಬೆಚ್ಚಿ ಎರಡೂ ಕೈ ಚಾಚಿ ಎದ್ದಿತು. ಆ ಡಬ್ಬ ನನ್ನದೇ.

ಹಾಗಾಗಿ ಆ ರಾತ್ರಿ, ಮನೆಯೆಲ್ಲ ಸೋತು ಮಲಗಿದ್ದಾಗ, ನಾನೇ ಗಿರಣಿಯಾದೆ.

ಮೊದಲು ಬರೀ ‘ಗುಂಯ್’ ಎಂದೆ. ಮಗು ಅಳು ತಗ್ಗಿಸಿ ಪರೀಕ್ಷಕರ ಮುಖ ಮಾಡಿತು. ಸಾಲದು ಎಂದು ಬೆಲ್ಟಿನ ‘ಟಪ್ಪ ಟಪ್ಪ’ವನ್ನು ನಾಲಗೆಯಲ್ಲಿ ಸೇರಿಸಿದೆ. ಮಗು ಸುಮ್ಮನಾಯಿತು. ಆದರೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ರಾಗ ಎಳೆಯುತ್ತದೆ. ನಾಗಸ್ವರದವರು ಊದುತ್ತಲೇ ಉಸಿರು ತುಂಬಿಕೊಳ್ಳುತ್ತಾರಲ್ಲ, ಆ ವಿದ್ಯೆ ನನಗಿಲ್ಲ. ಬೆಲ್ಟಿನ ಸದ್ದನ್ನು ಹೊರಬಿಡುವ ಉಸಿರಿಗೂ, ಕಲ್ಲಿನ ಸದ್ದನ್ನು ಒಳಗೆಳೆಯುವ ಉಸಿರಿಗೂ ಹಂಚಿದೆ. ಕಾಳು ಇಳಿಯದಿದ್ದಾಗ ಗಿರಣಿಯಾತ ತಗಡಿಗೆ ಬಡಿಯುತ್ತಾನಲ್ಲ, ಆ ‘ಧಬ್ ಧಬ್’ಗೆ ನನ್ನ ತೊಡೆಯಿತ್ತು. ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ, ಲುಂಗಿ ಎತ್ತಿಕಟ್ಟಿ, ಎದೆಗೆ ಮಗು ಒತ್ತಿಕೊಂಡು, ಗುಂಯ್‌ಟಪ್ಪ ಗುಂಯ್‌ಟಪ್ಪ ಧಬ್ ಧಬ್. ಬೆಂಗಳೂರಿನ ಕಂಪನಿಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವವರಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬೇಕು.

ಕತ್ತಲಲ್ಲಿ ಮಾವನ ದನಿ ಬಂತು. ‘ಅಳಿಯಂದ್ರೇ.’

ನಿಲ್ಲಿಸುವಂತಿಲ್ಲ. ಗುಂಯ್‌ಟಪ್ಪದ ನಡುವೆಯೇ ತಲೆಯಾಡಿಸಿದೆ.

‘ಅದು ಗೋಧಿ ಸದ್ದಾಯ್ತು. ರಾಗಿಗೆ ಇನ್ನೂ ಸಣ್ಣಕೆ ಬೀಳ್ಬೇಕು.’

ಕೆಲಸ ತಿಳಿದವರ ಟೀಕೆ. ದನಿ ತಗ್ಗಿಸಿ ನುಣುಪು ಮಾಡಿದೆ. ‘ಹಾಂ, ಈಗ ರಾಗಿ’ ಎಂದು ಮಗ್ಗುಲಾದರು. ಮಗುವೂ ನಿಜವಾಗಿಯೂ ಇನ್ನಷ್ಟು ಸಡಿಲವಾಗಿ ಹೆಗಲಿಗೆ ಒರಗಿತು. ಬಯಲುಸೀಮೆಯ ರಕ್ತ, ರಾಗಿ ಯಾವುದು ಗೋಧಿ ಯಾವುದು ಎಂದು ಹುಟ್ಟುತ್ತಲೇ ಗೊತ್ತು. ನನಗೆ ಹುರುಪು ಬಂತು. ಸೇರು ರಾಗಿ ಮುಗಿಸಿದೆ, ಪಲ್ಲ ರಾಗಿ ಮುಗಿಸಿದೆ. ಕಾಳು ಮುಗಿದು ಕಲ್ಲು ಬರಿದಾದಾಗ ಏಳುವ ಕೀರಲು ಸದ್ದನ್ನೂ, ಹೊಸ ಡಬ್ಬ ಸುರಿದಾಗ ಅದು ಥಟ್ಟನೆ ತಗ್ಗುವುದನ್ನೂ ಕಸುಬುದಾರನ ಹೆಮ್ಮೆಯಿಂದ ಮಾಡಿದೆ. ಯಾರಿಗೂ ಬೇಕಿರಲಿಲ್ಲ, ನನಗೆ ಬೇಕಿತ್ತು.

ಆಗ ಹೊರಗೆ ಟಾರ್ಚು ಬೆಳಕು ಹಾದುಹೋಯಿತು. ಪಕ್ಕದ ಮನೆಯಾತ ಗಿರಣಿ ಸದ್ದು ಕೇಳಿ, ತ್ರೀ ಫೇಸ್ ಬಂದಿದೆ ಎಂದು ತಿಳಿದು, ಮೋಟಾರು ಹಾಕಲು ತೋಟಕ್ಕೆ ಹೊರಟಿದ್ದ. ರಾತ್ರಿ ಯಾವಾಗಲೋ ಬರುವ ಕರೆಂಟಿಗೆ ಕಿವಿ ಕೊಟ್ಟೇ ಮಲಗುವವರು ಈ ಸೀಮೆಯ ತೆಂಗು ಅಡಿಕೆಯವರು. ನನಗೆ ಕೂಗಿ ಹೇಳಬೇಕೆನಿಸಿತು. ಕೂಗಿದರೆ ಗಿರಣಿ ನಿಲ್ಲುತ್ತದೆ. ನಿಲ್ಲಿಸಲಿಲ್ಲ. ಸುಮಾರು ಹೊತ್ತಿನ ಮೇಲೆ ಟಾರ್ಚು ವಾಪಸ್ ಬಂತು. ಕರೆಂಟಿನವರ ವಂಶವನ್ನು ಹಿಡಿದು ಬೈಯುತ್ತ ಬಂತು. ನಮ್ಮ ಕಿಟಕಿಯ ಹತ್ತಿರ ನಿಂತಿತು. ಬೆಳಕು ಒಳಗೆ ಬಿತ್ತು. ಲುಂಗಿ, ಮಗು, ಉಬ್ಬಿದ ಕೆನ್ನೆ, ತೊಡೆ ಬಡಿಯುತ್ತಿರುವ ಕೈ. ಧಬ್ ಧಬ್. ಇಬ್ಬರೂ ಮಾತಾಡಲಿಲ್ಲ. ಟಾರ್ಚು ಆರಿತು.

ನಗುವ ಮಾತು ಇಷ್ಟು. ನೋಡಲು ಬಂದವರಲ್ಲಿ ಕೆಲವರು ಮಗುವಿಗೆ ಇಪ್ಪತ್ತು ರೂಪಾಯಿ ಮುಯ್ಯಿ ಕೊಟ್ಟು, ಕಾಫಿ ಕುಡಿದು, ಏಳುವಾಗ ‘ಹಾಲು ಸಾಲ್ತಿಲ್ಲ ಅನ್ಸುತ್ತೆ’ ಎಂದು ಹೋಗುತ್ತಿದ್ದರು. ಮಗು ದಿನಕ್ಕೆ ಇಪ್ಪತ್ತು ಮೂವತ್ತು ಗ್ರಾಂ ಏರುತ್ತಿದ್ದರೆ ಹಾಲು ಸಾಕಾಗಿದೆ ಎಂದೇ ಅರ್ಥ. ನಮ್ಮದು ಏರುತ್ತಲೇ ಇತ್ತು. ಆದರೆ ಬಂದವರ ಕೈಯಲ್ಲಿ ತಕ್ಕಡಿ ಇರಲಿಲ್ಲ, ನಾಲಗೆ ಇತ್ತು. ತಲೆಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತವಳು ಆ ಮಾತು ಕೇಳಿ ಗೋಡೆಗೆ ತಿರುಗಿಕೊಳ್ಳುತ್ತಿದ್ದಳು. ಹೊಸ ಮಕ್ಕಳು ಮೊದಲ ವಾರಗಳಲ್ಲಿ ಕಣ್ಣೀರಿಲ್ಲದೆ ಅಳುತ್ತವೆ. ಆ ಕೋಣೆಯ ಕಣ್ಣೀರೆಲ್ಲ ಅವಳದ್ದೇ. ಒಂದು ನಸುಕಿನಲ್ಲಿ, ಗಿರಣಿಯೂ ನಡೆಯದೆ, ಮಗು ನೀಲಿಗಟ್ಟಿ ಕಿರುಚುವಾಗ ನನ್ನ ಎರಡು ಕೈ ಬಿಗಿಯಾದದ್ದು ನನಗೇ ಗೊತ್ತಾಯಿತು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ತೆಗೆದು, ಜಗಲಿಗೆ ಹೋಗಿ ಕೂತೆ. ಎಳೆಯ ಮಗುವನ್ನು ಸಿಟ್ಟಿನಲ್ಲಿ ಒಮ್ಮೆ ಜೋರಾಗಿ ಅಲುಗಿಸಿದರೂ ಮಿದುಳಿಗೆ ಪೆಟ್ಟಾಗಬಹುದು. ಅಳುವ ಮಗುವನ್ನು ಐದು ನಿಮಿಷ ಹಾಗೇ ಬಿಟ್ಟರೆ ಏನೂ ಆಗುವುದಿಲ್ಲ. ಇದನ್ನು ಯಾರೂ ಬಾಣಂತನಕ್ಕೆ ಬಂದು ಹೇಳುವುದಿಲ್ಲ, ಬಜೆ ಹೇಳುತ್ತಾರೆ. ಒಳಗೆ ಅತ್ತೆ ಎದ್ದು ಮಗುವನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದುದು ಕೇಳಿಸಿತು. ನನ್ನನ್ನು ಏನೂ ಕೇಳಲಿಲ್ಲ, ಕಂಬವನ್ನೂ ಕೇಳಲಿಲ್ಲ.

ಮೂರು ತಿಂಗಳು ತುಂಬಿದ್ದೇ ತಡ, ಅಳು ನಿಂತಿತು. ಸಾಯಂಕಾಲ ದೀಪ ಹಚ್ಚಿ ಎಲ್ಲರೂ ಸಿದ್ಧರಾಗಿ ಕೂತೆವು. ಮಗು ನಮ್ಮನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಕೂಡಲೇ ಯಶಸ್ಸಿನ ಪಾಲುಪಟ್ಟಿ ಶುರು. ಅತ್ತೆ ಊರ ಮಲ್ಲಿಕಾರ್ಜುನಸ್ವಾಮಿಗೆ ಹರಕೆ ಕಟ್ಟಿದ್ದರಂತೆ. ನನ್ನ ತಾಯಿ ಅಂತರಘಟ್ಟಮ್ಮನಿಗೆ, ಮಾವ ಯಾರಿಗೂ ಹೇಳದೆ ಬೀರೂರಿಗೆ. ಎದುರು ಮನೆ ಅಜ್ಜಿಯ ಪ್ರಕಾರ ಎಲ್ಲ ಆ ಎರಡನೇ ಕುಲಾವಿಯ ಮಹಿಮೆ. ಡಾಕ್ಟರಿಗೆ ಯಾರೂ ಏನೂ ಕೊಡಲಿಲ್ಲ. ಗಿರಣಿಯ ಹೆಸರನ್ನು ನಾನೇ ಎತ್ತಿದೆ, ನಕ್ಕು ಬಿಟ್ಟರು. ಮೂರೂ ಹರಕೆ ಒಂದೇ ದಿನ ತೀರಿಸಲು ಮಾವ ಬಾಡಿಗೆ ಕಾರು ಹೇಳಿದರು. ಬಾಡಿಗೆ ಮಾತ್ರ ನನ್ನ ಪಾಲಿಗೆ ಬಂತು.

ಪಕ್ಕದ ಮನೆಯಾತ ಆ ರಾತ್ರಿಯ ಬಗ್ಗೆ ಊರಲ್ಲಿ ಬಾಯಿ ಬಿಟ್ಟಿಲ್ಲ. ದೊಡ್ಡ ಮನುಷ್ಯ. ಆದರೆ ಈಗಲೂ ಸರಿರಾತ್ರಿಯಲ್ಲಿ ಗಿರಣಿ ಸದ್ದು ಕೇಳಿಸಿದರೆ ಸೀದಾ ತೋಟಕ್ಕೆ ಹೋಗುವುದಿಲ್ಲವಂತೆ. ಮೊದಲು ಮಾವನ ಕಿಟಕಿ ತಟ್ಟಿ, ‘ಅಳಿಯಂದ್ರು ಬಂದವ್ರಾ?’ ಎಂದು ಕೇಳುತ್ತಾನೆ. ಇಲ್ಲ ಎಂದಮೇಲೇ ಟಾರ್ಚು ತೆಗೆದುಕೊಳ್ಳುವುದು.